ಬಾಣಂತಿ ಚಿಟ್ಟೆಗಳು

ನನ್ನ ವಾರಗಿತ್ತಿ ಸೇರು ಒದ್ದು ಹೊಸಿಲು ದಾಟಿದ ಗಳಿಗೆಯಿಂದಲೇ ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಿಂದಿನದನ್ನು ಬರೆಯಲು ಕೂತವರೆಲ್ಲ ತಾವು ಒಳ್ಳೆಯವರಾಗಿದ್ದೆವು, ಎದುರಿಗಿದ್ದವರೇ ಕೆಟ್ಟವರು ಎಂದು ಬರೆದುಕೊಳ್ಳುತ್ತಾರೆ. ನಾನು ಹಾಗೆ ಬರೆದರೆ ನನ್ನ ಕೈ ಸೇದಿಹೋಗಲಿ. ಅವಳು ನನಗೇನೂ ಮಾಡಿರಲಿಲ್ಲ. ಬಂದಳು, ಕಾಲಿಗೆ ಬಿದ್ದಳು, 'ಅಕ್ಕ' ಎಂದಳು. ಅಷ್ಟಕ್ಕೇ ನನ್ನ ಮೈ ಉರಿಯಿತು.

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಗಾಡಿ ಜಾಡಿನಲ್ಲಿ ನಮ್ಮ ಹಳ್ಳಿ. ಮನೆಯಲ್ಲಿ ಅತ್ತೆ, ಅವರ ಇಬ್ಬರು ಗಂಡುಮಕ್ಕಳು, ನಾವಿಬ್ಬರು ಸೊಸೆಯರು. ನಾನು ಹಿರಿಯವಳು, ಹೆಡತಲೆಯ ಕಡೆಯಿಂದ ಬಂದವಳು. ಅವಳು ಐದು ವರ್ಷ ಕಳೆದ ಮೇಲೆ ತಲಕಾಡಿನ ಕಡೆಯಿಂದ ಬಂದಳು. ಹೊಲದಲ್ಲಿ ರಾಗಿ, ಅವರೆ, ಹುರುಳಿ ಇದ್ದೇ ಇದ್ದವು. ಆದರೆ ನಮ್ಮ ಮನೆ ನಡೆಯುತ್ತಿದ್ದುದು ರೇಷ್ಮೆ ಹುಳುವಿನಿಂದ. ಹಿತ್ತಲ ಕಡೆಯ ಉದ್ದನೆಯ ಕೋಣೆಯಲ್ಲಿ ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಅಟ್ಟಣಿಗೆ ಕಟ್ಟಿ ಇಡುತ್ತಿದ್ದೆವು. ಅದಕ್ಕೆ ಹುಳದ ಮನೆ ಎಂದು ಹೆಸರು. ಅದರ ಬೀಗದ ಕೈ ಒಬ್ಬಳೇ ಹೆಂಗಸಿನ ಸೊಂಟದಲ್ಲಿ ಇರಬೇಕು. ಅವಳು ಹೇಳಿದಾಗ ಸೊಪ್ಪು ಕುಯ್ಯಬೇಕು, ಅವಳು ಹೇಳಿದಾಗ ಒಲೆ ಹಚ್ಚಬೇಕು. ಹುಳುಗಳು ಮನೆಯಲ್ಲಿರುವ ತನಕ ಒಗ್ಗರಣೆ ಹಾಕಲೂ ಅವಳ ಅಪ್ಪಣೆ ಬೇಕು. ಗಂಡಸರು ಕೂಡ ಅವಳ ಮಾತು ಮೀರುತ್ತಿರಲಿಲ್ಲ.

ಆ ಬೀಗದ ಕೈ ಅತ್ತೆಯ ಸೊಂಟದಲ್ಲಿತ್ತು. ಅತ್ತೆಯ ಕಣ್ಣಿಗೆ ಪೊರೆ ಬರುತ್ತಿತ್ತು. ಎರಡನೆಯ ಜ್ವರಕ್ಕೆ ಕೂತ ಹುಳು ಯಾವುದು, ಎದ್ದ ಹುಳು ಯಾವುದು ಎಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಹುಳು ಪೊರೆ ಕಳಚಲು ತಲೆ ಎತ್ತಿ ಅಲ್ಲಾಡದೆ ಕೂರುವುದನ್ನು ನಾವು ಜ್ವರ ಎನ್ನುತ್ತೇವೆ. ಅದು ಗೊತ್ತಾಗದಿದ್ದರೆ ಹುಳದ ಮನೆ ನೋಡಿಕೊಳ್ಳಲು ಆಗುವುದಿಲ್ಲ. ಇನ್ನೊಂದು ವರ್ಷದಲ್ಲಿ ಬೀಗದ ಕೈ ಯಾರಿಗಾದರೂ ಕೊಡಲೇಬೇಕಿತ್ತು. ಹಿರಿಯ ಸೊಸೆ ನಾನು. ನನ್ನ ಮನಸ್ಸಿನಲ್ಲಿ ಅದು ಆಗಲೇ ನನ್ನ ಸೊಂಟದಲ್ಲಿತ್ತು.

ಆದರೆ ನನ್ನ ಕೈಯಲ್ಲಿ ಎರಡು ಬೆಳೆ ಕೆಟ್ಟಿದ್ದವು. ಹುಳುಗಳ ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ ಬಂದು, ಒಂದು ದೊಡ್ಡದು ಒಂದು ಚಿಕ್ಕದು ಆಗಿ, ಗೂಡು ಕಟ್ಟದೆ ಸತ್ತಿದ್ದವು. ಗಂಟುರೋಗ ಎನ್ನುತ್ತಿದ್ದರು. ಬೀದಿಯಲ್ಲಿ ನಾಲ್ಕು ಮನೆಗೂ ಬಂದಿತ್ತು, ಆದರೂ ನಮ್ಮ ಮನೆಯಲ್ಲಿ ಅದು ನನ್ನ ಕೈಗುಣ ಎಂದಾಯಿತು. ಕಿರಿಯವಳು ಬಂದ ವರ್ಷ ಮೊದಲ ಸೊಪ್ಪು ಅವಳ ಕೈಯಲ್ಲಿ ಹಾಕಿಸಿದರು. ಆ ಸಲ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಯ ತುಂಬ ಗೂಡು ಹಳದಿ ಹೂವು ಬಿಟ್ಟ ಹಾಗೆ ಆಯಿತು. ಅತ್ತೆ ಒಂದೊಂದೇ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು.

"ಇವಳ ಕೈ ನೋಡವ್ವ, ಉಳ ಅಂಗೇ ಮೈದುಂಬ್ಕಂಡವೆ," ಎಂದರು ನನ್ನ ಕಡೆ ತಿರುಗಿ.

ಆ ದಿನ ನಾನು ಮುದ್ದೆ ಮುರಿಯದೆ ಎದ್ದೆ. ನನಗೂ ಮಕ್ಕಳಿದ್ದವು, ಗಂಡ ಒಳ್ಳೆಯವನು, ತವರಿನವರು ಉಂಡು ಉಟ್ಟು ಇದ್ದವರು. ಬೇರೆ ಯಾವುದಕ್ಕೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿರಲಿಲ್ಲ. ನನ್ನ ಹೊಟ್ಟೆಕಿಚ್ಚೆಲ್ಲ ಆ ಒಂದು ಕೋಣೆಯದು. ತಮಾಷೆ ಎಂದರೆ, ಹುಳದ ಮನೆಗೆ ಹೊರಗಿನವರ ಕಣ್ಣು ಬೀಳಬಾರದೆಂದು ಬಾಗಿಲಿಗೆ ಗೋಣಿತಟ್ಟು ಕಟ್ಟುತ್ತಿದ್ದೆವು. ಕೆಟ್ಟ ಕಣ್ಣು ದಿನವೂ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಒಳಗೇ ಓಡಾಡುತ್ತಿತ್ತು.

ಇನ್ನೊಂದು ವಿಷಯ ಹೇಳಬೇಕು. ಮುಂದಿನ ಬೆಳೆಗೆ ಮೊಟ್ಟೆ ಇಡಿಸಲು ಒಳ್ಳೆಯ ಗೂಡುಗಳನ್ನು ಬಿತ್ತನೆಗೆ ತೆಗೆದಿಡುತ್ತಿದ್ದೆವು. ಅದರಿಂದ ಚಿಟ್ಟೆ ಬಂದು ಜೊತೆಯಾಗಿ ಮೊಟ್ಟೆ ಇಡುತ್ತವೆ. ನಮ್ಮ ಅತ್ತೆಗೆ ಒಂದು ಕಟ್ಟುನಿಟ್ಟು. ಒಂದೇ ತಟ್ಟೆಯಲ್ಲಿ ಬೆಳೆದ ಗಂಡೂ ಹೆಣ್ಣೂ ಒಡಹುಟ್ಟಿದವು, ಅವನ್ನು ಜೊತೆ ಮಾಡುವುದು ಪಾಪ. ಹಾಗಾಗಿ ಹೆಣ್ಣು ನಮ್ಮ ಮನೆಯ ಗೂಡಿನದು, ಗಂಡು ಬೇರೆ ಊರಿನ ನೆಂಟರ ಮನೆಯ ಗೂಡಿನದು. ಮೊದಲು ನನ್ನ ತವರಿನ ಕಡೆಯಿಂದ ತರುತ್ತಿದ್ದರು. ಅವಳು ಬಂದ ಮೇಲೆ ತಲಕಾಡಿನ ಕಡೆಯಿಂದ, ಅವಳ ಸೋದರಮಾವನ ಮನೆಯಿಂದ ತರಲು ಶುರುಮಾಡಿದರು. ಚಿಟ್ಟೆಗಳ ಮದುವೆಯಲ್ಲೂ ನನ್ನ ಕಡೆಯ ಬೀಗರನ್ನು ಬಿಟ್ಟರಲ್ಲ ಎಂದು ನಾನು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದೆ.

ಹೀಗಿರುವಾಗ ಹುಳದ ಮೇಷ್ಟ್ರು ಬಂದರು.

ಅವರು ಪಾಠ ಹೇಳುವ ಮೇಷ್ಟ್ರಲ್ಲ. ಸರ್ಕಾರದವರು ಹುಳದ ರೋಗ ಏನೆಂದು ಪತ್ತೆ ಮಾಡಲು ಕಳಿಸಿದ್ದ ಓದಿದ ಹುಡುಗ. ಮೈಸೂರಿನಿಂದ ನಂಜನಗೂಡಿನವರೆಗೆ ರೈಲಿನಲ್ಲಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಬಂದಿದ್ದರು. ಕಚ್ಚೆಪಂಚೆ, ಮುಚ್ಚುಕೋಟು, ರುಮಾಲು. ಜೊತೆಗೆ ಒಬ್ಬ ಜವಾನ. ಗಾಡಿಯಲ್ಲಿ ಒಂದು ಮರದ ಪೆಟ್ಟಿಗೆ; ಅದನ್ನು ತಮ್ಮ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದರಂತೆ. ನಮ್ಮ ಜಗಲಿಯ ಮೇಲೆ ಅದನ್ನು ತೆರೆದಾಗ ಒಳಗೆ ಹಿತ್ತಾಳೆಯ ಕೊಳವೆ ಇತ್ತು, ಕೆಳಗೆ ಪುಟ್ಟ ಕನ್ನಡಿ. ಊರವರು ಅದಕ್ಕೆ ದುರ್ಬೀನು ಎಂದರು. ದೂರದ್ದನ್ನು ನೋಡುವುದಲ್ಲ, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವುದು ಎಂದು ಮೇಷ್ಟ್ರು ಎಷ್ಟು ಹೇಳಿದರೂ ಹೆಸರು ಬದಲಾಗಲಿಲ್ಲ.

ಹುಳದ ಮನೆಯೊಳಗೆ ಬಿಡಿ ಎಂದು ಕೇಳಿದರು. ಅತ್ತೆ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. "ನೀವು ದೊಡ್ಡೋರು ಸ್ವಾಮಿ, ಜಗ್ಲಿ ಮ್ಯಾಲೆ ಕುಂತ್ಕಳಿ, ಆಲು ಕೊಡ್ತೀನಿ. ಒಳೀಕ್ ಮಾತ್ರ ಬರ್ಬ್ಯಾಡಿ."

ಮೇಷ್ಟ್ರು ಜಗಲಿಯ ಮೇಲೆಯೇ ಕೂತು ನಮಗೆ ತಿಳಿಸಿ ಹೇಳಿದರು. ಗಂಟುರೋಗ ಕಣ್ಣಿನಿಂದಲೂ ಬರುವುದಿಲ್ಲ, ಕೈಗುಣದಿಂದಲೂ ಬರುವುದಿಲ್ಲ. ತಾಯಿ ಚಿಟ್ಟೆಯ ಮೈಯೊಳಗೆ ಕಣ್ಣಿಗೆ ಕಾಣದ ಕಾಳುಗಳಿರುತ್ತವೆ. ಅವು ಮೊಟ್ಟೆಯೊಳಗೆ ಇಳಿದು ಮರಿಗೆ ಬರುತ್ತವೆ. ತಾಯಿಯ ಮೈ ಶುದ್ಧವಾಗಿದ್ದರೆ ಮೊಟ್ಟೆಯೂ ಶುದ್ಧ. ಬೇರೆ ದೇಶಗಳಲ್ಲಿ ಇದನ್ನು ಕಂಡುಹಿಡಿದಿದ್ದಾರೆ, ನಮ್ಮ ಸೀಮೆಯ ಹುಳುವಿಗೂ ಇದು ನಿಜವೇ ಎಂದು ನೋಡಿ ಬರೆದು ಕಳಿಸುವುದು ನನ್ನ ಕೆಲಸ ಎಂದರು.

ಕೈಗುಣದಿಂದ ಬರುವುದಿಲ್ಲ ಎಂದು ಆ ಮನುಷ್ಯ ಹೇಳಿದಾಗ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅತ್ತೆಗೆ ಕೇಳಿಸಲಿ ಎಂದು, "ಇನ್ನೊಂದ್ಸಲ ಏಳಿ ಸ್ವಾಮಿ," ಎಂದೆ.

"ತಾಯಿ ಮೈಯಲ್ಲಿ ಕಾಳು ಅವೋ ಇಲ್ವೋ ಎಂಗೆ ಗೊತ್ತಾಯ್ತದೆ?" ಎಂದು ಅತ್ತೆ ಕೇಳಿದರು.

"ಮೊಟ್ಟೆ ಇಟ್ಟಾದ ಮೇಲೆ ತಾಯಿ ಚಿಟ್ಟೆಯನ್ನು ಒರಳಿನಲ್ಲಿ ಅರೆದು, ಒಂದು ಹನಿ ನೀರು ಬಿಟ್ಟು, ಈ ಕೊಳವೆಯಲ್ಲಿ ನೋಡಬೇಕು ಅಮ್ಮ," ಎಂದರು ಮೇಷ್ಟ್ರು.

ಅತ್ತೆ ತಲೆಯ ಮೇಲೆ ಸೆರಗೆಳೆದುಕೊಂಡು, "ಹೆತ್ತ ಬಾಣಂತೀನ ಒರಳಿಗೆ ಆಕ್ಕಂಡು ಅರೀಬೇಕಾ? ಸಿವಸಿವಾ!" ಎಂದರು.

ಓದುವವರು ನಗಬಹುದು. ನಮ್ಮ ಗೂಡುಗಳನ್ನೆಲ್ಲ ನರಸೀಪುರದ ನೂಲು ತೆಗೆಯುವವರು ಕುದಿಯುವ ನೀರಿಗೆ ಹಾಕುತ್ತಿದ್ದರು, ಒಳಗಿನ ಹುಳುಗಳೆಲ್ಲ ಬೇಯುತ್ತಿದ್ದವು. ಅದು ಅವರ ಪಾಪ, ನಮ್ಮದಲ್ಲ. ನಮ್ಮ ಮನೆಯಲ್ಲಿ ಮೊಟ್ಟೆ ಇಟ್ಟ ಚಿಟ್ಟೆಯನ್ನು ಕೊಲ್ಲುವುದಿರಲಿ, ಗುಡಿಸುತ್ತಲೂ ಇರಲಿಲ್ಲ. ಮೊರದಲ್ಲಿ ತುಂಬಿಕೊಂಡು ಹಿತ್ತಲ ಬೇಲಿಯ ತುಂಬೆಗಿಡದ ಬುಡದಲ್ಲಿ ಬಿಟ್ಟು, ಮೇಲೆ ಅರಿಶಿನದ ನೀರು ಚಿಮುಕಿಸುತ್ತಿದ್ದೆವು. ಗಂಡು ಚಿಟ್ಟೆಗೆ ಆ ಮರ್ಯಾದೆ ಇರಲಿಲ್ಲ. ಅದೇನು ಹೆತ್ತಿತ್ತೇ?

ಊರಿನ ಪಟೇಲರು ಸರ್ಕಾರದ ಮಾತು, ಮೀರಬಾರದು ಎಂದರು. ನನ್ನ ಗಂಡನೂ ಮೈದುನನೂ ಒಪ್ಪಿದರು. ಅತ್ತೆ ಒಂದು ದಿನ ಉಪವಾಸ ಮಲಗಿ, ಎದ್ದು, ಬಿತ್ತನೆ ಗೂಡನ್ನು ಎರಡು ಪಾಲು ಮಾಡಿದರು. "ಇಬ್ರೂ ಅರ್ಧರ್ಧ ಮೊಟ್ಟೆ ಇಡಿಸಿ. ಮೇಷ್ಟ್ರು ಯಾರದು ಚೆಂದಾಗದೆ ಅಂದಾರೋ ಅವರಿಗೆ ಬೀಗದ ಕೈ. ನಂಗೂ ಸಾಕಾಗದೆ," ಎಂದರು. ಕಿರಿಯವಳು ಮಗುವಿಗೆ ಹಾಲು ಕೊಡುತ್ತಾ ಕೂತಿದ್ದಳು. ತವರಿನಲ್ಲಿ ಹೆರಿಗೆ ಮುಗಿಸಿ ಬಂದು ಎರಡು ತಿಂಗಳಾಗಿತ್ತು ಅಷ್ಟೆ.

ಮೇಷ್ಟ್ರು ಇಬ್ಬರಿಗೂ ಕಾಗದಗಳನ್ನು ಕೊಟ್ಟರು. ಒಂದೊಂದು ಕಾಗದದ ಮೇಲೆ ಒಂದೊಂದು ಹೆಣ್ಣು ಚಿಟ್ಟೆಯನ್ನಿಟ್ಟು ಮಣ್ಣಿನ ಮುಚ್ಚಳ ಕವುಚಬೇಕು. ಮೊಟ್ಟೆ ಇಟ್ಟ ಮೇಲೆ ಆ ತಾಯಿಯನ್ನು ಒಂದು ಪೊಟ್ಟಣದಲ್ಲಿ ಕಟ್ಟಬೇಕು. ಕಾಗದದ ಮೇಲೂ ಪೊಟ್ಟಣದ ಮೇಲೂ ಒಂದೇ ನಂಬರು ಬರೆಯಬೇಕು. "ನಂಬರು ಬರೆಯುವವರು ಯಾರಾದರೂ ಇದ್ದೀರಾ?" ಎಂದು ಕೇಳಿದರು.

ಅವಳಿದ್ದಳಲ್ಲ! ಅವಳಪ್ಪ ಕೂಲಿಮಠದ ಐಗಳು. ಹುಡುಗರ ಜೊತೆ ಕೂತು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿತಿದ್ದಳು. ತಲಕಾಡಿನಲ್ಲಿ ಮರಳಿಗೇನು ಬರ. ಇಡೀ ಊರಿನಲ್ಲಿ ಬರೆಯಲು ಬರುವ ಹೆಂಗಸು ಅವಳೊಬ್ಬಳೇ. ನನ್ನ ಪಾಲಿನ ಕಾಗದಗಳಿಗೂ ಅವಳೇ ನಂಬರು ಹಾಕಬೇಕಾಯಿತು. ನಾನು ಒಂದೊಂದೇ ಕಾಗದ ಚಾಚುವುದು, ಅವಳು ಬರೆದು ಊದಿ ಕೊಡುವುದು. ಮೇಷ್ಟ್ರು ಮೆಚ್ಚಿ ಅವಳಿಗೆ ಕೊಳವೆಯಲ್ಲಿ ನೋಡಲು ಹೇಳಿದರು. ಸೊಳ್ಳೆಯ ಕಾಲಿಟ್ಟಿದ್ದರು. "ಅಯ್ಯೋ, ಕಾಲ್ ತುಂಬಾ ರೋಮ ಅಕ್ಕ!" ಎಂದು ಮಗುವಿನ ಹಾಗೆ ಕುಣಿದಳು. ನನ್ನನ್ನೂ ಎಳೆದು ನೋಡಿಸಿದಳು. ನನಗೆ ಕಂಡದ್ದು ನನ್ನ ಕಣ್ಣಿನ ರೆಪ್ಪೆ ಮಾತ್ರ. "ಹೂಂ, ಕಾಣ್ತದೆ, ರೋಮ," ಎಂದೆ.

ನಾನು ಮೇಷ್ಟ್ರು ಹೇಳಿದ ಹಾಗೆ ಮಾಡಿದೆ. ಮೊಟ್ಟೆ ಇಟ್ಟು ಸೋತು ಕೂತ ತಾಯಿಯನ್ನು ಹಿಡಿದು ಪೊಟ್ಟಣಕ್ಕೆ ಹಾಕಿದೆ. ಬೀಗದ ಕೈಗಾಗಿ ನಾನು ಅದಕ್ಕಿಂತ ದೊಡ್ಡ ಪಾಪಕ್ಕೂ ತಯಾರಿದ್ದೆ. ಪೊಟ್ಟಣಗಳನ್ನು ಮೊರದಲ್ಲಿ ಜೋಡಿಸಿಟ್ಟು ಬೆಳಗ್ಗೆ ಕಸ ಚೆಲ್ಲಲು ಹಿತ್ತಲಿಗೆ ಹೋದೆ. ಬೇಲಿಯ ಹತ್ತಿರ ಅವಳು ಕುಕ್ಕರುಗಾಲಲ್ಲಿ ಕೂತಿದ್ದಳು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡಿದ್ದಳು. ಮೊರದಿಂದ ಚಪ್ಪಟೆ ಹೊಟ್ಟೆಯ ತಾಯಿ ಚಿಟ್ಟೆಗಳನ್ನು ಒಂದೊಂದಾಗಿ ಎತ್ತಿ ತುಂಬೆಗಿಡದ ಬುಡದಲ್ಲಿ ಬಿಡುತ್ತಿದ್ದಳು, ಅರಿಶಿನದ ನೀರು ಚಿಮುಕಿಸುತ್ತಿದ್ದಳು. "ಓಗ್ರವ್ವ, ಓಗ್ರಿ, ನೆಳ್ಳಲ್ಲಿ ಮಲೀಕಳಿ," ಎಂದು ಅವುಗಳೊಡನೆ ಮಾತಾಡುತ್ತಿದ್ದಳು. ಪಕ್ಕದಲ್ಲಿ ಇನ್ನೊಂದು ಬುಟ್ಟಿ. ಅದರಲ್ಲಿ ಹಿಂದಿನ ದಿನ ಜೊತೆ ಬಿಡಿಸಿ ಎಸೆಯಬೇಕಾಗಿದ್ದ ಗಂಡು ಚಿಟ್ಟೆಗಳು ರೆಕ್ಕೆ ಬಡಿಯುತ್ತಿದ್ದವು. ತಲಕಾಡಿನ ಗಂಡುಗಳು, ಗಂಟುರೋಗ ಕಾಣದ ಸೀಮೆಯವು. ಅವನ್ನು ಹಿಡಿದು ನಂಬರು ಬರೆದ ಪೊಟ್ಟಣಗಳಿಗೆ ತುಂಬಿದಳು.

ನಾನು ಬೂದಿ ಗುಡ್ಡೆಯ ಮರೆಗೆ ಸರಿದೆ. ಅವಳು ಒಳಗೆ ಹೋಗುವಾಗ ಒಮ್ಮೆ ತಿರುಗಿ ನೋಡಿದಳು. ನನ್ನನ್ನು ಕಂಡಳೋ ಇಲ್ಲವೋ ನನಗೆ ತಿಳಿಯಲಿಲ್ಲ. ನನಗಂತೂ ಎದೆ ಹಗುರವಾಯಿತು. ಸಿಕ್ಕಿಬಿದ್ದಳು ಎಂದುಕೊಂಡೆ.

ಮೂರು ದಿನ ಬಿಟ್ಟು ಮೇಷ್ಟ್ರು ಬಂದರು. ಜವಾನ ಪುಟ್ಟ ಒರಳಿಟ್ಟುಕೊಂಡು ಅಂಗಳದಲ್ಲಿ ಕೂತು ಒಂದೊಂದೇ ಪೊಟ್ಟಣದ ಒಣಗಿದ ಚಿಟ್ಟೆಯನ್ನು ಸುರಿದು ಅರೆಯುತ್ತಿದ್ದ, ನಂಬರು ಕೂಗಿ ಗಾಜಿನ ಮೇಲೆ ಹನಿ ಬಿಟ್ಟು ಕೊಡುತ್ತಿದ್ದ. ಗಂಡೋ ಹೆಣ್ಣೋ ಅವನಿಗೇನು ಗೊತ್ತು. ಮೇಷ್ಟ್ರು ಕೊಳವೆಯಿಂದ ಕಣ್ಣು ತೆಗೆಯದೆ 'ಇದೆ', 'ಇಲ್ಲ' ಎನ್ನುತ್ತಿದ್ದರು. ಮೊದಲು ನನ್ನವು. ಇದೆ. ಇದೆ. ಇಲ್ಲ. ಇದೆ. ಇದೆ. 'ಇದೆ' ಎಂದ ನಂಬರಿನ ಮೊಟ್ಟೆ ಕಾಗದವನ್ನು ನನ್ನ ಕಣ್ಣೆದುರೇ ಒಲೆಗೆ ಹಾಕಿಸಿದರು. ನನಗೆ ನಾಲ್ಕೇ ಕಾಗದ ಉಳಿದವು. ಆಮೇಲೆ ಅವಳವು. ಇಲ್ಲ. ಇಲ್ಲ. ಇಲ್ಲ. ಮುಗಿಯುವ ತನಕ ಒಂದು ಸಲವೂ 'ಇದೆ' ಎನ್ನಲಿಲ್ಲ. ಮೇಷ್ಟ್ರು ಎದ್ದು ನಿಂತು ಬೆವರೊರೆಸಿಕೊಂಡು, ಇಷ್ಟು ಶುದ್ಧವಾದ ಮೊಟ್ಟೆ ತಾನು ಎಲ್ಲೂ ನೋಡಿಲ್ಲ ಎಂದರು.

"ನಾ ಏಳ್ನಿಲ್ವಾ, ಕೈಗುಣ," ಎಂದರು ಅತ್ತೆ.

ಆ ಮಾತು ಕೇಳಿ ನನ್ನ ಮುಖ ಹೇಗಾಯಿತೋ, ಮೇಷ್ಟ್ರು ನನ್ನ ಕಡೆ ನೋಡಿ, "ಏನಾದರೂ ಹೇಳಬೇಕಾ ಅಮ್ಮ?" ಎಂದು ಕೇಳಿದರು.

ಒಂದೇ ಮಾತು ಸಾಕಿತ್ತು. ಆ ಪೊಟ್ಟಣಗಳಲ್ಲಿ ಇದ್ದದ್ದು ಗಂಡು ಎಂದರೆ ಸಾಕಿತ್ತು. ಮೇಷ್ಟ್ರು ಅವಳ ಮೊಟ್ಟೆಗಳನ್ನೆಲ್ಲ ಸುಡಿಸುತ್ತಿದ್ದರು, ಬೀಗದ ಕೈ ನನಗೆ ಬರುತ್ತಿತ್ತು. ಆದರೆ ಅಷ್ಟು ನನಗೆ ಸಾಲದಾಗಿತ್ತು. ಈಗ ಹೇಳಿದರೆ ಅತ್ತೆ ಅವಳನ್ನೇ ಮೆಚ್ಚುತ್ತಾರೆ, ಬಾಣಂತಿಯರನ್ನು ಉಳಿಸಿದಳು ಎನ್ನುತ್ತಾರೆ, ಅರೆಯಲು ಕೊಟ್ಟ ನಾನು ಕಟುಕಿಯಾಗುತ್ತೇನೆ. ಹೇಳದಿದ್ದರೆ ಮೊಟ್ಟೆ ಒಡೆಯುತ್ತದೆ, ಮರಿ ಬರುತ್ತದೆ, ಅವಳ ಕೈಯಲ್ಲೇ ಬೆಳೆ ಕೆಡುತ್ತದೆ. ನನ್ನ ಕೈಯನ್ನು ಅಂದವರು ಅವಳ ಕೈಯನ್ನೂ ಅನ್ನಬೇಕು. ನನಗೆ ಅದು ಬೇಕಾಗಿತ್ತು.

"ಏನಿಲ್ಲ ಸ್ವಾಮಿ," ಎಂದೆ.

ಅತ್ತೆ ಸೊಂಟದಿಂದ ಬೀಗದ ಕೈ ಬಿಚ್ಚಿ ಅವಳ ಸೊಂಟಕ್ಕೆ ಸಿಕ್ಕಿಸಿದರು. ಅವಳು ಬಿಳಿಚಿಕೊಂಡು ನಿಂತಿದ್ದಳು. ಸಂತೋಷಕ್ಕೆ ಎಂದುಕೊಂಡೆ. ಆಗ ಮೇಷ್ಟ್ರು ನಾನು ಎಣಿಸದಿದ್ದ ಒಂದು ಕೆಲಸ ಮಾಡಿದರು. ಪರೀಕ್ಷೆ ನಿಜವೋ ಸುಳ್ಳೋ ನಾಲ್ಕು ಕಡೆ ನೋಡಬೇಕೆಂದು ಅವಳ ಕಾಗದಗಳಲ್ಲಿ ಅರ್ಧವನ್ನು ನಮ್ಮ ಬೀದಿಯ ಬೇರೆ ಮನೆಗಳಿಗೆ ಹಂಚಿದರು. ನನ್ನ ನಾಲ್ಕು ಕಾಗದಗಳನ್ನು ಬೇರೆಯವುಗಳ ಜೊತೆ ಸೇರಿಸದೆ ಪಡಸಾಲೆಯ ಮೂಲೆಯಲ್ಲಿ ಸಾಕಲು ಹೇಳಿದರು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಮರಿಗಳು ಎದ್ದವು. ಎರಡನೆಯ ಜ್ವರ ದಾಟಿದವು. ಮೂರನೆಯ ಜ್ವರಕ್ಕೆ ಹುಳದ ಮನೆಯಲ್ಲಿ ಒಂದು ಹುಳು ಉದ್ದ, ಒಂದು ಮೋಟು ಆಗತೊಡಗಿತು. ನಾಲ್ಕನೆಯದು ದಾಟುವುದರೊಳಗೆ ಮೆಣಸಿನ ಪುಡಿ ಬಂತು. ನಮ್ಮ ಮನೆಯಲ್ಲಿ, ಎದುರು ಮನೆಯಲ್ಲಿ, ಮೊಟ್ಟೆ ಹಂಚಿದ ಎಲ್ಲ ಕಡೆಯಲ್ಲಿ. ಪಡಸಾಲೆಯ ಮೂಲೆಯಲ್ಲಿ ನನ್ನ ನಾಲ್ಕು ಕಾಗದದ ಹುಳುಗಳು ಮಾತ್ರ ಸೊಪ್ಪು ಹಾಕಿದಷ್ಟೂ ಚರಚರ ತಿಂದು, ಗೂಡು ಕಟ್ಟುವ ಹದಕ್ಕೆ ಹಣ್ಣಾಗಿ, ಚಂದ್ರಿಕೆ ಹತ್ತಿದವು. ಬೀದಿಯ ಹೆಂಗಸರು ಸತ್ತ ಹುಳುಗಳನ್ನು ಬುಟ್ಟಿಗಟ್ಟಲೆ ತಂದು ನಮ್ಮ ತಿಪ್ಪೆಗೇ ಸುರಿದರು. ಎದುರು ಮನೆಯಾಕೆ ಕಿರಿಯವಳ ಮುಖಕ್ಕೆ ಕೈ ನೀಡಿ, "ನಿನ್ ಕೈಗೆ ಬೆಂಕಿ ಬೀಳ," ಎಂದು ಬೈದಳು. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡೆ. ಸುಳ್ಳು ಹೇಳಬಾರದು, ಮೊದಲು ಸುಖವಾಯಿತು. ಆ ಸುಖ ಎದುರು ಮನೆಯಾಕೆ ಅಳುತ್ತಾ ಖಾಲಿ ಬುಟ್ಟಿ ಹೊತ್ತು ಹೋಗುವವರೆಗೆ ಇತ್ತು.

ಮೇಷ್ಟ್ರು ಬಂದು ಜಗಲಿಯ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತರು. ರುಮಾಲು ತೆಗೆದು ಪಕ್ಕಕ್ಕಿಟ್ಟಿದ್ದರು. ಶುದ್ಧ ಎಂದು ತಾನೇ ಕಣ್ಣಾರೆ ನೋಡಿದ ಮೊಟ್ಟೆ ಕೆಟ್ಟಿದೆ, ಹಾಗಾದರೆ ನಮ್ಮ ಸೀಮೆಯಲ್ಲಿ ರೋಗ ತಾಯಿಯಿಂದ ಬರುವುದಲ್ಲ, ಬೇರೆ ಏನೋ ಇರಬೇಕು ಎಂದು ಬರೆದುಕೊಂಡರು. ಬರೆದ ಪುಸ್ತಕ ಮುಚ್ಚಿ, ಕೊಳವೆಯನ್ನು ಪೆಟ್ಟಿಗೆಗೆ ಹಾಕಿ, ಹೋದರು. ನನ್ನ ಹೊಟ್ಟೆಕಿಚ್ಚು ಅವರ ಪುಸ್ತಕದಲ್ಲಿ ಸರ್ಕಾರದ ಕಚೇರಿಗೆ ಹೋಯಿತು. ಗಂಡು ಚಿಟ್ಟೆಯ ವಿಷಯ ಗೊತ್ತಿದ್ದವರು ಇಬ್ಬರೇ, ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಅವಳಿಗೆ ಬೀದಿಯವರ ಭಯ. ನನಗೆ ಭಯವಿರಲಿಲ್ಲ.

ಬೀಗದ ಕೈ ನನ್ನ ಸೊಂಟಕ್ಕೆ ಬಂತು. "ಕೈಗುಣ ಬದ್ಲಾಗ್ಬುಡ್ತು ಕನವ್ವ," ಎಂದು ಅತ್ತೆ ಎಲ್ಲರ ಎದುರಿಗೆ ಹೇಳಿದರು. ಕಿರಿಯವಳು ಹುಳದ ಮನೆಯ ಹೊಸಿಲು ದಾಟಕೂಡದು ಎಂದಾಯಿತು. ಅವಳಿಗೆ ಹೊರಗೆ ಸೊಪ್ಪು ಹೆಚ್ಚುವ ಕೆಲಸ.

ಎಂಟು ದಿನ ಕಳೆದಿರಬೇಕು. ನನ್ನ ಗಂಡ ಗೂಡು ಹಾಕಿಕೊಂಡು ನರಸೀಪುರಕ್ಕೆ ಹೊರಟಿದ್ದ. ಅವಳು ಬಂದು ಮಡಿಸಿದ ಕಾಗದವೊಂದನ್ನು ನನ್ನ ಕೈಗಿಟ್ಟಳು. "ಅಕ್ಕ, ಮೇಷ್ಟ್ರಿಗೆ ಒಂದ್ ಕಾಗ್ದ ಬರ್ದಿವ್ನಿ. ಭಾವನ ಕೈಲಿ ಅಂಚೆಗೆ ಆಕ್ಸು. ಅತ್ತೆಗೆ ಏಳ್ಬ್ಯಾಡ," ಎಂದಳು. ಕಣ್ಣು ಊದಿಕೊಂಡಿದ್ದವು.

ಏನು ಬರೆದಿದ್ದಾಳೆಂದು ನಾನು ಕೇಳಲಿಲ್ಲ. ನನಗೇ ಗೊತ್ತು ಎಂದುಕೊಂಡೆ. ತಪ್ಪು ಒಪ್ಪಿಕೊಂಡಿರುತ್ತಾಳೆ, ಮೇಷ್ಟ್ರು ಓಡಿ ಬರುತ್ತಾರೆ, ಎಂಥ ಸತ್ಯವಂತೆ ಎಂದು ಹೊಗಳುತ್ತಾರೆ, ಬೀಗದ ಕೈ ಮತ್ತೆ ಅವಳಿಗೆ. ಜೊತೆಗೆ ನಾನು ಬೂದಿ ಗುಡ್ಡೆಯ ಮರೆಯಲ್ಲಿ ನಿಂತಿದ್ದನ್ನೂ ಬರೆದಿದ್ದರೆ? ಕಾಗದವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹುಳದ ಮನೆಗೆ ಹೋದೆ, ಅಟ್ಟಣಿಗೆಯ ಬೊಂಬಿನ ತೂತಿಗೆ ತುರುಕಿ, ಮೇಲೆ ಸಗಣಿ ಮೆತ್ತಿದೆ. ಅವಳು ಒಳಗೆ ಬರುವ ಹಾಗಿರಲಿಲ್ಲವಲ್ಲ.

ಒಂದೆರಡು ಸಲ ಕೇಳಿದಳು. "ಮೇಷ್ಟ್ರು ಉತ್ರ ಬರೀನೇ ಇಲ್ಲ ಅಕ್ಕ."

"ದೊಡ್ಡೋರ್ಗೆ ನಮ್ ಕಾಗ್ದ ಯಾವ್ ಲೆಕ್ಕ," ಎಂದೆ. ಆಮೇಲೆ ಕೇಳುವುದನ್ನು ಬಿಟ್ಟಳು.

ವರ್ಷಗಳು ಹೋದವು. ನರಸೀಪುರದ ಆಚೆಯ ಊರುಗಳಲ್ಲಿ ದುರ್ಬೀನಿನಲ್ಲಿ ನೋಡಿದ ಮೊಟ್ಟೆ ತಂದು ಸಾಕುವುದು ಶುರುವಾಯಿತು, ಅವರ ಬೆಳೆ ಕೆಡದೆ ಕೈಗೆ ಬಂತು ಎಂದು ಗೂಡು ಕೊಳ್ಳುವವರು ಹೇಳುತ್ತಿದ್ದರು. ನಮ್ಮ ಬೀದಿಯವರು ನಕ್ಕುಬಿಡುತ್ತಿದ್ದರು. "ಆ ದುರ್ಬೀನ್ ಆಟ ನಾವ್ ನೋಡಿವಿ ಬುಡಿ ಸಾ," ಎನ್ನುತ್ತಿದ್ದರು. ಗಂಟುರೋಗ ವರ್ಷ ಬಿಟ್ಟು ವರ್ಷ ಬರುತ್ತಲೇ ಇತ್ತು. ಅತ್ತೆ ಹೋದರು. ಎದುರು ಮನೆಯವರು ಹುಳು ಸಾಕುವುದನ್ನೇ ಬಿಟ್ಟರು. ನನ್ನ ಸೊಂಟದಲ್ಲಿ ಬೀಗದ ಕೈ ಇತ್ತು, ಒಳಗೆ ತಟ್ಟೆಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಮೊಟ್ಟೆ ಇಟ್ಟ ಚಿಟ್ಟೆಗಳನ್ನು ತುಂಬೆಗಿಡದ ಬುಡಕ್ಕೆ ಬಿಡುವಾಗೆಲ್ಲ ಆ ಕೊಳವೆ ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು. ನನ್ನ ನಾಲ್ಕು ಕಾಗದದ ಹುಳುಗಳು ಅದನ್ನು ನನ್ನ ಕಣ್ಣೆದುರಿಗೇ ತೋರಿಸಿದ್ದವು.

ಅಕ್ಷರ ಕಲಿಯಬೇಕೆಂಬ ಹಟ ಹುಟ್ಟಿದ್ದೂ ಹೊಟ್ಟೆಕಿಚ್ಚಿನಿಂದಲೇ. ಅವಳು ನನ್ನ ಮಕ್ಕಳಿಗೆ ಓದು ಹೇಳಿಕೊಡುತ್ತಿದ್ದಳು. ಮಕ್ಕಳು ಚಿಕ್ಕವ್ವ, ಚಿಕ್ಕವ್ವ ಎಂದು ಅವಳ ಸುತ್ತಲೇ ಇರುತ್ತಿದ್ದವು. ಅವಳಿಗೆ ಬರುವುದು ನನಗೇಕೆ ಬರಬಾರದು? ನನಗೂ ಹೇಳಿಕೊಡು ಎಂದೆ. ಅವಳು ಹೊಳೆಯಿಂದ ಮರಳು ತಂದು ಹಳೆಯ ತಟ್ಟೆಯೊಂದರಲ್ಲಿ ಹರಡಿದಳು, ನನ್ನ ಬೆರಳು ಹಿಡಿದು ತಿದ್ದಿಸಿದಳು. ಹುಳುಗಳು ಜ್ವರಕ್ಕೆ ಕೂತಾಗ ನಮಗೆ ಬಿಡುವು. ಆ ಬಿಡುವಿನಲ್ಲೇ ಎರಡು ವರ್ಷ ಕಲಿತೆ. ನನ್ನ ಕಲಿಕೆಗೆ ಇನ್ನೊಂದು ಕಾರಣವೂ ಇತ್ತು. ಬೊಂಬಿನೊಳಗೆ 'ಅವಳು ನನ್ನ ಬಗ್ಗೆ ಏನು ಬರೆದಿದ್ದಾಳೆ' ಎಂಬುದು ಕೂತಿತ್ತು. ಬೇರೆ ಯಾರ ಕೈಯಲ್ಲೂ ಅದನ್ನು ಓದಿಸುವ ಹಾಗಿರಲಿಲ್ಲ.

ಅಕ್ಷರ ಕೂಡಿಸಿ ಓದಲು ಬಂದ ವಾರವೇ ಬಾಗಿಲು ಹಾಕಿಕೊಂಡು ಸಗಣಿ ಕೆರೆದು ಕಾಗದ ತೆಗೆದೆ. ಅಂಚು ಹುಳು ತಿಂದಿತ್ತು. ಒಂದೊಂದೇ ಅಕ್ಷರ ಬೆರಳಿಟ್ಟು ಓದಿದೆ. ಹೀಗಿತ್ತು:

"ಮೇಷ್ಟ್ರವರ ಪಾದಗಳಿಗೆ ನಮಸ್ಕಾರ. ನಾನು ಪೊಟ್ಟಣದಲ್ಲಿ ತಾಯಿ ಚಿಟ್ಟೆ ಕೊಡಲಿಲ್ಲ. ಹೆತ್ತವನ್ನು ಕೊಡಲು ಮನಸ್ಸು ಬರದೆ ಗಂಡು ಚಿಟ್ಟೆ ಕೊಟ್ಟೆ. ನಿಮ್ಮ ಕೊಳವೆ ಸುಳ್ಳು ಹೇಳಿಲ್ಲ. ನಮ್ಮ ಅಕ್ಕ ನೀವು ಹೇಳಿದ ಹಾಗೆ ಮಾಡಿದರು. ಅವರ ನಾಲ್ಕು ಕಾಗದದ ಬೆಳೆ ಕೆಡದೆ ಬಂದಿದೆ. ಅದನ್ನು ಬರೆದುಕೊಳ್ಳಬೇಕು. ಹುಳದ ಮನೆ ಅಕ್ಕನಿಗೆ ಸೇರತಕ್ಕದ್ದು, ಮೊದಲೇ ಸೇರಬೇಕಿತ್ತು. ನಾನು ಚಿಟ್ಟೆ ಬಿಡುವುದನ್ನು ಅಕ್ಕ ಅವತ್ತು ನೋಡಿದರು. ಆದರೂ ನನಗೆ ಬೈಗುಳ ಬಾರದಿರಲಿ ಎಂದು ನಿಮ್ಮ ಮುಂದೆ ಹೇಳಲಿಲ್ಲ. ನನ್ನ ಒಡಹುಟ್ಟಿದವರೂ ಹಾಗೆ ಮಾಡುತ್ತಿರಲಿಲ್ಲ. ಅವರ ಮೇಲೆ ತಪ್ಪು ತಿಳಿಯಬಾರದು."

ಎರಡು ಸಲ ಓದಿದೆ. ಅಳು ಬರಲಿಲ್ಲ. ಬಂದದ್ದು ಮತ್ತೆ ಹೊಟ್ಟೆಕಿಚ್ಚೇ. ನನ್ನಂಥವಳ ಬಗ್ಗೆಯೂ ಹೀಗೆ ತಿಳಿಯುವ ಮನಸ್ಸು ಅವಳಿಗೆ ಎಲ್ಲಿಂದ ಬಂತು, ನನಗೆ ಯಾಕೆ ಬರಲಿಲ್ಲ ಎಂದು ಹಲ್ಲು ಕಚ್ಚಿಕೊಂಡೆ. ಆ ಕಾಗದ ಅಂಚೆಗೆ ಹೋಗಿದ್ದರೆ ಬೀಗದ ಕೈ ಮರ್ಯಾದೆಯಾಗಿ ನನ್ನದೇ ಆಗುತ್ತಿತ್ತು. ನನ್ನದಾಗಬೇಕಿದ್ದುದನ್ನು ನಾನೇ ಕದ್ದು ಇಟ್ಟುಕೊಂಡಿದ್ದೆ.

ಹೊರಗೆ ಬಂದೆ. ಅವಳು ಅಂಗಳದಲ್ಲಿ ಸೊಪ್ಪು ಹೆಚ್ಚುತ್ತಿದ್ದಳು. ಸೊಂಟದ ಬೀಗದ ಕೈ ಬಿಚ್ಚಿ ಅವಳ ಮಡಿಲಿಗೆ ಹಾಕಿದೆ.

"ನಾಳಿಂದ ಉಳದ ಮನೆ ನೀ ನೋಡ್ಕೊ ಅಮ್ಮಿ."

"ಯಾಕಕ್ಕ, ಮೈಗ್ ಉಸಾರಿಲ್ವಾ?" ಎಂದು ಅವಳು ಕತ್ತಿ ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು.

ಕಾಗದದ ವಿಷಯ ಆಗಲೂ ಹೇಳಲಿಲ್ಲ. ಮುಂದಿನ ಬೆಳೆಗೆ ಪರೀಕ್ಷೆ ಮಾಡಿದ ಮೊಟ್ಟೆಯನ್ನೇ ತರಿಸಿ ಎಂದು ಗಂಡನಿಗೆ ಹೇಳಿ ಕಳಿಸಿದೆ. ಬೀದಿಯವರು ನಕ್ಕರು. ಆ ಸಲ ಗೂಡು ತುಂಬಿತು, ಅವಳ ಕೈಗುಣ ಎಂದರು. ನಾನೂ ಹೂಂ ಎಂದೆ.

ನಾನು ಏನು ಬರೆದರೂ ಕೊನೆಗೆ ಅವಳ ಕೈಗೇ ಕೊಡುವುದು ರೂಢಿ. ತವರಿಗೆ ಬರೆದ ಕಾಗದ, ಹಬ್ಬದ ಸಾಮಾನಿನ ಪಟ್ಟಿ, ಎಲ್ಲವನ್ನೂ ಅವಳು ತಿದ್ದಿ ಕೊಟ್ಟ ಮೇಲೇ ಅದು ಮನೆಯಿಂದ ಹೊರಡುವುದು. ಇದನ್ನು ಬರೆಯಲು ಕೂತಾಗಲೇ ನನಗೆ ಅದು ಗೊತ್ತಿತ್ತು. ಅಂಚು ಸವೆದ ಆ ಹಳೆಯ ಕಾಗದವನ್ನೂ ಈ ಹಾಳೆಗಳ ಕೆಳಗೆ ಇಟ್ಟಿದ್ದೇನೆ. ಅವಳು ಹುಳುಗಳಿಗೆ ಸೊಪ್ಪು ಹಾಕಿ ಈಗ ಕೈ ತೊಳೆಯುತ್ತಿದ್ದಾಳೆ. ಬಂದ ಕೂಡಲೇ ಕೊಡುತ್ತೇನೆ.